ಕಸೂತಿಯ ಕಡತ

ಸರ್ಕಾರಿ ಕಚೇರಿಗಳಲ್ಲಿ ಇಂದು ‘ಕಡತ’ ಎಂಬ ಮಾತು ಫೈಲಿಗೆ ಸಲ್ಲುತ್ತದೆ. ಕಡತ ಮಂಡನೆಯಾಯಿತು, ಕಡತ ವಿಲೇವಾರಿಯಾಯಿತು, ಕಡತ ಕಾಣೆಯಾಯಿತು - ಈ ಮೂರರಲ್ಲಿ ಒಂದನ್ನಾದರೂ ಕೇಳದ ಕನ್ನಡಿಗರು ಇರಲಾರರು. ಆದರೆ ಮೂಲದಲ್ಲಿ ಕಡತವೆಂದರೆ ಕಾಗದವಲ್ಲ, ಬಟ್ಟೆ. ಉದ್ದನೆಯ ಬಟ್ಟೆಯ ಪಟ್ಟಿಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ಮೈಸೂರಿನ ಇತಿಹಾಸ ಬರೆದ ಮಾರ್ಕ್ಸ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರವಾಗಿವೆ. ಅಂಗಡಿಕಾರರ ದಿನದಿನದ ಲೆಕ್ಕಕ್ಕೂ ಇದೇ ಬಟ್ಟೆ. ತುಂಬಿದ ಮೇಲೆ ಒರೆಸಿ ಮತ್ತೆ ಬರೆಯಬಹುದು.

ಬಟ್ಟೆಯ ಮೇಲೆ ಲೆಕ್ಕ ಬರೆದ ಈ ನಾಡಿನಲ್ಲಿ, ಬಟ್ಟೆಯ ಮೇಲೆ ಕಸೂತಿ ತೆಗೆಯುವ ಒಬ್ಬ ಹೆಣ್ಣುಮಗಳಿಗೆ ಲೆಕ್ಕದ ಪುಸ್ತಕ ಹಾಕಿಕೊಟ್ಟ ಸಂಗತಿಯನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಆಕೆ ನನ್ನ ತಂಗಿಯ ಮಗಳು. ಹುಟ್ಟಿ ಬೆಳೆದದ್ದು ಧಾರವಾಡ. ಮದುವೆಯಾಗಿ ಬಂದದ್ದು ಬೆಂಗಳೂರಿನ ಬನಶಂಕರಿ ಎರಡನೆಯ ಹಂತಕ್ಕೆ. ತಾಯಿಯಿಂದ ಕಲಿತ ಕಸೂತಿಯನ್ನು ಆಕೆ ಮೊದಲು ಬೇಸರ ಕಳೆಯಲು ತೆಗೆದಳು, ಆಮೇಲೆ ನೆರೆಯವರು ಕೇಳಿದರೆಂದು ತೆಗೆದಳು, ಕೊನೆಗೆ ಮಾರಲೆಂದೇ ತೆಗೆಯತೊಡಗಿದಳು. ಗುಳೇದಗುಡ್ಡದ ಖಣದಲ್ಲಿ ಕೈಚೀಲ, ಚಿಕ್ಕ ಹಣದ ಚೀಲ, ರವಿಕೆಯ ಕಣ. ಜಯನಗರದ ಒಂದು ಅಂಗಡಿಯಲ್ಲಿ ಸ್ವಲ್ಪ ಮಾಲು, ಜೆ.ಪಿ. ನಗರದ ವಸತಿ ಸಮುಚ್ಚಯಗಳಲ್ಲಿ ದೀಪಾವಳಿಯ ಹೊತ್ತಿಗೆ ನಡೆಯುವ ಮಾರಾಟಮೇಳಗಳಲ್ಲಿ ಒಂದು ಮೇಜು. ಉಳಿದದ್ದು ಫೋನಿನ ಮೇಲೆ ಬರುವ ಬೇಡಿಕೆ. ಮೂರು ವರ್ಷ ಹೀಗೆ ನಡೆಯಿತು. ಲೆಕ್ಕವೆಂಬುದು ಒಂದು ಧಾರವಾಡ ಪೇಡೆಯ ಡಬ್ಬಿಯಲ್ಲಿತ್ತು. ದಾರದ ಅಂಗಡಿಯ ಚೀಟಿ, ಮೆಟ್ರೊ ಟಿಕೆಟು, ದರ್ಜಿಯ ಕೈಬರಹದ ತುಂಡು, ಯಾರೋ ಬರೆದಿಟ್ಟು ಹೋದ ಮುಂಗಡದ ಮೊತ್ತ, ಎಲ್ಲವೂ ಆ ಡಬ್ಬಿಯಲ್ಲಿ ಏಲಕ್ಕಿಯ ವಾಸನೆ ಹೊತ್ತು ಮಲಗಿದ್ದವು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತು ಪರರ ಲೆಕ್ಕ ಬರೆದ ನನಗೆ ಆ ಡಬ್ಬಿ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಕೇಳದೆ ಹೇಳುವ ಮಾವ ಯಾರಿಗೆ ಬೇಕು? ಸುಮ್ಮನಿದ್ದೆ.

ಕೇಳುವ ಕಾಲ 2025ರ ಜುಲೈ ತಿಂಗಳಿನಲ್ಲಿ ಬಂತು. ತಮಗೆ ನೆನಪಿರಬಹುದು. ಯುಪಿಐ ಮೂಲಕ ವರ್ಷಕ್ಕೆ ನಲವತ್ತು ಲಕ್ಷ ರೂಪಾಯಿಗೂ ಮೀರಿ ಹಣ ಪಡೆದವರೆಂದು ಗುರುತಿಸಿ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಬೇಕರಿಯವರು, ಬೀಡಾ ಅಂಗಡಿಯವರು, ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿ ಕೂಡ ಆ ಪಟ್ಟಿಯಲ್ಲಿದ್ದರು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ಅದು ಫೋನಿಗೆ ಹೇಗೆ ಗೊತ್ತಾಗಬೇಕು? ಬೆಂಗಳೂರಿನ ಬೀದಿ ಬೀದಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕಾಗದಗಳು ಅಂಟಿಕೊಂಡವು. ವರ್ತಕರ ಪ್ರತಿಭಟನೆ, ಮುಖ್ಯಮಂತ್ರಿಗಳೊಡನೆ ಮಾತುಕತೆ, ಆಶ್ವಾಸನೆ ಎಲ್ಲವೂ ಆ ಒಂದೇ ತಿಂಗಳಲ್ಲಿ ನಡೆದುಹೋದವು. ನನ್ನ ಸೋದರಸೊಸೆಗೆ ನೋಟಿಸು ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ. ಸರಕು ಮಾರುವವರು ನೋಂದಣಿ ಮಾಡಿಸಬೇಕಾದ ಮಿತಿ ನಲವತ್ತು ಲಕ್ಷ, ಆಕೆಯ ವಹಿವಾಟು ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದರೂ ಒಂದು ರಾತ್ರಿ ಫೋನು ಮಾಡಿದಳು. “ಮಾಮಾ, ನನ್ನ ಫೋನಿನ್ಯಾಗ ಎಲ್ಲಾ ರೊಕ್ಕಾ ಕೂಡೇ ಬರ್ತದ. ಯಾರರೆ ಕೇಳಿದ್ರ ಇದು ಯಾವ ರೊಕ್ಕಾ ಅಂತ ನಾ ಏನ್ ಹೇಳ್ಲಿ?” ಎಂದಳು.

ಪ್ರಶ್ನೆ ಬಹಳ ಸರಿಯಾದದ್ದು. ಆ ಒಂದೇ ಖಾತೆಗೆ ಚೀಲದ ಬೆಲೆ ಬರುತ್ತಿತ್ತು. ಊರಿನಿಂದ ಮೈದುನ ಕಳಿಸಿದ ಹೊಲದ ಪಾಲು ಬರುತ್ತಿತ್ತು. ಮಹಿಳೆಯರ ಚೀಟಿಯ ಕಂತು ಬರುತ್ತಿತ್ತು. ಮೇಳದಲ್ಲಿ ಪಕ್ಕದ ಮೇಜಿನ ಗೆಳತಿಯ ಫೋನು ಸತ್ತಿದ್ದರೆ ಅವಳ ಮಣ್ಣಿನ ಓಲೆಯ ಹಣವೂ ಇದಕ್ಕೇ ಬಂದು ಬೀಳುತ್ತಿತ್ತು. ಬಂದ ಹಣವೆಲ್ಲ ಮಾರಾಟವಲ್ಲ, ಮಾರಾಟವೆಲ್ಲ ಲಾಭವಲ್ಲ. ಇದು ಆಕೆಗೆ ಗೊತ್ತು. ಆದರೆ ಗೊತ್ತಿರುವುದನ್ನು ತೋರಿಸಿಕೊಡುವ ಒಂದು ಸಾಲೂ ಎಲ್ಲಿಯೂ ಇರಲಿಲ್ಲ.

ಮೊದಲು ಮಾಡಿದ ಕೆಲಸ, ಕಸುಬಿಗೆಂದೇ ಬೇರೆ ಉಳಿತಾಯ ಖಾತೆ ತೆರೆದು ಚಿತ್ರದ ಚೌಕವನ್ನು, ಅಂದರೆ ಆ ಕ್ಯೂಆರ್ ಚೀಟಿಯನ್ನು, ಅದಕ್ಕೆ ಜೋಡಿಸಿದ್ದು. ಆಮೇಲೆ ಇಬ್ಬರೂ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಅವೆನ್ಯೂ ರಸ್ತೆಗೆ ನಡೆದು ಹೋಗಿ, ಕೆಂಪು ಬಟ್ಟೆಯ ಬೆನ್ನಿನ ಎರಡು ಉದ್ದ ಪುಸ್ತಕ ಕೊಂಡೆವು. ಈ ಕೆಲಸಕ್ಕೆ ಫೋನಿನಲ್ಲೇ ಬೇಕಾದಷ್ಟು ಸಾಧನಗಳಿವೆಯೆಂದು ಆಕೆಯ ಮಗ ನಕ್ಕ. ಇರಲಿ. ಸೂಜಿ ಹಿಡಿಯುವ ಕೈ ಪೆನ್ನನ್ನೂ ಹಿಡಿಯಲಿ ಎಂಬುದು ನನ್ನ ಹಠ. ಅದಕ್ಕೆ ಶಾಸ್ತ್ರಾಧಾರವೇನೂ ಇಲ್ಲ.

ಲೆಕ್ಕವನ್ನು ಎಂದು ಆರಂಭಿಸಬೇಕು ಎಂಬ ಬಗ್ಗೆ ಚಿಕ್ಕ ಜಿಜ್ಞಾಸೆ ನಡೆಯಿತು. ಆಕೆಯ ತವರಿನ ಕಡೆ ಅಂಗಡಿಯವರು ದೀಪಾವಳಿಯಲ್ಲಿ ಹೊಸ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಸರ್ಕಾರದ ವರ್ಷ ಏಪ್ರಿಲ್ ಒಂದರಿಂದ. ನಾನೆಂದೆ: ಲೆಕ್ಕವಿಲ್ಲದವರಿಗೆ ಶುಭ ಮುಹೂರ್ತ ಇವತ್ತೇ. ಆ ಸಂಜೆಯೇ ಕಪಾಟು ತೆರೆದು, ಇರುವುದನ್ನೆಲ್ಲ ನೆಲದ ಮೇಲೆ ಹರಡಿ ಪಟ್ಟಿ ಮಾಡಿದೆವು. ದಾರದ ಲಡಿಗಳು ಇಷ್ಟು, ಕತ್ತರಿಸದ ಖಣ ಇಷ್ಟು, ಅರ್ಧ ಮುಗಿದ ಚೀಲ ಇಷ್ಟು, ಅಂಗಡಿಯಲ್ಲಿರುವುದು ಇಷ್ಟು, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ, ಕೈಶಿಲ್ಕು. ಬರೀ ದಾರವೇ ಹನ್ನೊಂದು ಸಾವಿರ ರೂಪಾಯಿಯದು! ಒಂದೇ ಅರಿಸಿನ ಬಣ್ಣದ ಲಡಿಗಳು ಮೂರು ಡ್ರಾಯರಿನಲ್ಲಿ ಸಿಕ್ಕವು. ಇದ್ದದ್ದು ಕಾಣದೆ ಮತ್ತೆ ಮತ್ತೆ ಕೊಂಡಿದ್ದಳು. ಹಣ ದಾರವಾಗಿ ಕಪಾಟಿನಲ್ಲಿ ಕೂತಿದೆ, ಆದ್ದರಿಂದಲೇ ಕೈಯಲ್ಲಿಲ್ಲ ಎಂಬುದು ಆಕೆಗೆ ಆ ಸಂಜೆ ಕಣ್ಣಿಗೆ ಕಂಡಿತು.

ಇನ್ನು ಬರೆಯುವ ಕ್ರಮ. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಎಂದರೆ ಆಕೆಗೆ ತಿಳಿಯಿತು. ಆದರೆ ಪ್ರತಿಯೊಂದು ವ್ಯವಹಾರಕ್ಕೂ ಎರಡು ಮಗ್ಗುಲು, ಒಂದು ಕಡೆ ಬಂದದ್ದು ಇನ್ನೊಂದು ಕಡೆಯಿಂದ ಹೋಗಿಯೇ ಇರಬೇಕು ಎಂದಾಗ ಮುಖ ಸಪ್ಪಗಾಯಿತು. ವೆನಿಸ್ ನಗರದಲ್ಲಿ 1494ರಲ್ಲಿ ಅಚ್ಚಾದ ಗಣಿತ ಗ್ರಂಥದಲ್ಲಿ ಲೂಕಾ ಪಾಚೋಲಿ ಎಂಬ ಸನ್ಯಾಸಿ, ವರ್ತಕರು ಅದಾಗಲೇ ರೂಢಿಸಿಕೊಂಡಿದ್ದ ಈ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದನೆಂದು ಹೇಳಿದೆ. ಸನ್ಯಾಸಿಗೆ ಯಾಕ ಬೇಕಿತ್ತು ಈ ಉಸಾಬರಿ ಎಂದಳು. ಆಗ ನನಗೆ ಆಕೆಯ ಕೈಯಲ್ಲಿದ್ದ ಬಟ್ಟೆಯೇ ನೆರವಿಗೆ ಬಂತು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಯೆಂದು ತಾವು ಬಲ್ಲಿರಿ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ರೂಢಿಯಿಲ್ಲ; ಹಾಸು ಹೊಕ್ಕಿನ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಏಳಬೇಕು. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಹೋಗುತ್ತದೆ. ಹಿಂದಿರುಗುವಾಗ ಬಿಟ್ಟದ್ದನ್ನು ತುಂಬಿಕೊಂಡು ಬರುತ್ತದೆ. ಗಂಟು ಕಾಣಿಸುವಂತಿಲ್ಲ. ಮುಗಿದಾಗ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ. ಎಲ್ಲೋ ಒಂದು ಎಳೆ ತಪ್ಪಿದ್ದರೆ ಹಿಂಬದಿ ಹೇಳಿಬಿಡುತ್ತದೆ. “ಲೆಕ್ಕದ ಎರಡು ಮಗ್ಗುಲೂ ಇದೇ ಗವಂತಿ. ನಿನ್ನ ಫೋನಿಗೆ ಗೊತ್ತಿರೋದು ಹೋಗುವ ಸಾಲು ಮಾತ್ರ, ತಿರುಗಿ ಬರುವ ಸಾಲನ್ನ ನೀನೇ ಹಾಕಬೇಕು” ಎಂದೆ. ಆಕೆ ಸ್ವಲ್ಪ ಹೊತ್ತು ಬಟ್ಟೆಯನ್ನು ಮಗುಚಿ ನೋಡಿ, “ಹಂಗಾರ ಬರೀತೀನಿ” ಎಂದಳು.

ಪೂರ್ಣ ಜೋಡಿ ನಮೂದನ್ನು ಆಕೆಯ ತಲೆಗೆ ಕಟ್ಟಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಇಷ್ಟು ಚಿಕ್ಕ ಕಸುಬಿಗೆ ಅದು ಆನೆಯ ಅಂಬಾರಿ. ದಿನವಹಿ ಪುಸ್ತಕದಲ್ಲಿ ನಗದಿಗೊಂದು ಅಂಕಣ, ಬ್ಯಾಂಕಿಗೊಂದು ಅಂಕಣ. ಖಾತೆ ಪುಸ್ತಕದಲ್ಲಿ ಉದ್ರಿ ಕೊಟ್ಟವರು, ಉದ್ರಿ ತಂದವರು, ಮಾಲು ಇಟ್ಟುಕೊಂಡವರು, ಒಬ್ಬೊಬ್ಬರಿಗೆ ಒಂದೊಂದು ಪುಟ. ಪ್ರತಿ ರಾತ್ರಿ ಶಿಲ್ಕು ಎಣಿಸಿ ತಾಳೆ ನೋಡುವುದು. ಪೆಟ್ಟಿಗೆಯಿಂದ ಹಾಲಿಗೋ ಗ್ಯಾಸಿಗೋ ತೆಗೆದರೆ ‘ಮನೆಗೆ ತೆಗೆದದ್ದು’ ಎಂದು ಬರೆಯಲೇಬೇಕು. ಅದು ಕಸುಬಿನ ಖರ್ಚಲ್ಲ. ಇಷ್ಟೇ ಕಟ್ಟಳೆ.

ಮಾಲು ಇಟ್ಟುಕೊಂಡವರ ಪುಟದ ಹಿಂದೆ ಒಂದು ಕಹಿ ಇತ್ತು. ಹಿಂದೊಮ್ಮೆ ಒಂದು ಅಂಗಡಿಗೆ, ಮಾರಿದ ಮೇಲೆ ಹಣ ಕೊಡುವ ಮಾತಿನ ಮೇಲೆ ನಲವತ್ತು ಚೀಲ ಕೊಟ್ಟಿದ್ದಳು. ಇಪ್ಪತ್ತೆರಡಕ್ಕೆ ಹಣ ಬಂತು. ಉಳಿದ ಹದಿನೆಂಟು ತಮ್ಮಲ್ಲಿ ಇಲ್ಲವೆಂದರು. ಚೀಟಿಯಿಲ್ಲ, ಸಹಿಯಿಲ್ಲ. ಈಕೆಯೋ ನಲವತ್ತೂ ಮಾರಾಟವಾದವೆಂದು ಮನಸ್ಸಿನಲ್ಲೇ ಜಮಾ ಮಾಡಿಕೊಂಡು ಖಣ ತಂದಿದ್ದಳು. ಅಂಗಡಿಯ ಕಪಾಟಿನಲ್ಲಿರುವ ಮಾಲು ಮಾರಿಹೋಗುವತನಕ ನಮ್ಮ ದಾಸ್ತಾನೇ. ಇರುವ ಜಾಗ ಮಾತ್ರ ಬೇರೆ. ಈಗ ಕೊಡುವಾಗ ಎರಡು ಪ್ರತಿ ಚೀಟಿ ಬರೆದು ಸಹಿ ಹಾಕಿಸಿಕೊಳ್ಳುತ್ತಾಳೆ. ಮೊದಲ ಸಲ ಸಹಿ ಕೇಳುವಾಗ ಆಕೆಗೆ ನಾಚಿಕೆಯಾಯಿತಂತೆ.

ಇಷ್ಟರ ಮಟ್ಟಿಗೆ ಎಲ್ಲವೂ ಸಲೀಸಾಗಿ ನಡೆಯಿತು. ಜಗಳ ಹತ್ತಿದ್ದು ಚೀಲದ ಬೆಲೆಯಲ್ಲಿ.

ಒಂದು ಕೈಚೀಲವನ್ನು ಆಕೆ ಆರುನೂರೈವತ್ತು ರೂಪಾಯಿಗೆ ಮಾರುತ್ತಿದ್ದಳು. ಖಣಕ್ಕೆ ನೂರೆಂಬತ್ತು, ದಾರಕ್ಕೆ ನಲವತ್ತು, ಒಳಬಟ್ಟೆ ಮತ್ತು ಜಿಪ್ಪಿಗೆ ನಲವತ್ತೈದು, ದರ್ಜಿಗೆ ಅರವತ್ತು. ಒಟ್ಟು ಮುನ್ನೂರ ಇಪ್ಪತ್ತೈದು. ಅರ್ಧಕ್ಕರ್ಧ ಲಾಭ ಎಂಬ ಹೆಮ್ಮೆ. ಅಂಗಡಿಯವರು ಹಿಡಿದುಕೊಳ್ಳುವ ನೂರಕ್ಕೆ ಮೂವತ್ತನ್ನು ಬರೆಸಿದೆ: ನೂರ ತೊಂಬತ್ತೈದು. ಉಳಿದದ್ದು ನೂರ ಮೂವತ್ತು. “ಕಸೂತಿಗೆ ಎಷ್ಟು ಹೊತ್ತು?” ಎಂದು ಕೇಳಿದೆ. “ಅದೆಲ್ಲಾ ಯಾರು ನೋಡ್ತಾರ ಮಾಮಾ, ಟಿವಿ ನೋಡ್ಕೋತ ಕೂತಿರ್ತೀನಿ.” ನೋಡು ಎಂದೆ. ಹದಿನೈದು ದಿನ ಗೋಡೆ ಗಡಿಯಾರ ನೋಡಿ ಬರೆದಳು. ಒಂದು ಚೀಲಕ್ಕೆ ಒಂಬತ್ತು ಗಂಟೆ. ಅಂದರೆ ಗಂಟೆಗೆ ಹದಿನಾಲ್ಕು ರೂಪಾಯಿ ಚಿಲ್ಲರೆ. ಮನೆಗೆಲಸಕ್ಕೆ ಬರುವಾಕೆಗೆ ತಾನೇ ಇದರ ಹಲವು ಪಟ್ಟು ಕೊಡುತ್ತಿದ್ದಳು, ಕೊಡಬೇಕಾದದ್ದೇ. ಕೈ ಮತ್ತು ಸೂತಿ ಸೇರಿ ಕಸೂತಿಯಾಯಿತೆನ್ನುತ್ತಾರೆ. ಹೆಸರಿನಲ್ಲಿ ಕೈ ಮೊದಲು; ಲೆಕ್ಕದಲ್ಲಿ ಅದಕ್ಕೆ ಒಂದು ಸಾಲಿಲ್ಲ.

ನಿನ್ನ ಕೂಲಿಯನ್ನೂ ಖರ್ಚಿಗೆ ಬರೆ ಎಂದೆ. ಆಕೆ ಕೆರಳಿದಳು. “ನನ್ನ ಕೈಗೆ ನಾನ ಪಗಾರ ಕೊಟ್ಕೊಳ್ಳೂದಾ? ಇದು ಕಾಯಕ ಅಂತ ಮಾಡ್ತೀನಿ, ಕೂಲಿಗಲ್ಲ.” ದೊಡ್ಡ ಮಾತು ಬಂದಾಗ ದೊಡ್ಡವರನ್ನೇ ಕರೆಯಬೇಕಾಗುತ್ತದೆ. ಕಾಯಕವೆಂದ ಶರಣರು ಲೆಕ್ಕವಿಲ್ಲದವರೇ? ಬಸವಣ್ಣನವರು ಬಿಜ್ಜಳನ ಭಂಡಾರಿ. ನುಲಿಯ ಚಂದಯ್ಯ ಹುಲ್ಲು ಹೊಸೆದು ಹಗ್ಗ ಮಾರಿ ಬದುಕಿದವನು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಹಾಕಿ ಬರಲು ಹೇಳಿದ ಕಥೆ ಯಾರಿಗೆ ತಿಳಿಯದು? ಹೆಚ್ಚಾಯಿತೆಂದು ಗೊತ್ತಾಗಬೇಕಾದರೆ ಲಕ್ಕಮ್ಮನಿಗೆ ದಿನದ ಅಳತೆ ಗೊತ್ತಿದ್ದಿರಬೇಕು. ನಾವು ಆ ಕಥೆಯಲ್ಲಿ ಆಕೆಯ ನಿಸ್ಪೃಹತೆಯನ್ನು ಕೊಂಡಾಡುತ್ತೇವೆ, ಆಕೆಯ ಕೈಯಲ್ಲಿದ್ದ ಸೇರನ್ನು ಮರೆಯುತ್ತೇವೆ. ಹೀಗೆಂದು ವಾದಿಸಿದೆ. ಆಕೆ ಒಪ್ಪಿದಳೆಂದು ಹೇಳಲಾರೆ. ಆದರೆ ಗಂಟೆಗೆ ಅರವತ್ತು ರೂಪಾಯಿಯೆಂದು ಬರೆದುಕೊಂಡಳು.

ಬರೆದ ಕೂಡಲೇ ಚೀಲದ ಅಸಲು ಎಂಟುನೂರ ಅರವತ್ತೈದಕ್ಕೆ ಏರಿತು. ಅಂಗಡಿಯ ಪಾಲು ಸೇರಿದರೆ ಸಾವಿರದ ಇನ್ನೂರಕ್ಕೂ ಮೇಲೆ ಮಾರಬೇಕು. ಅಷ್ಟು ಯಾರೂ ಕೊಡುವುದಿಲ್ಲವೆಂದು ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ತಾನೇ ದಾರಿ ಹುಡುಕಿದ್ದಳು. ಅಂಗಡಿಗೆ ಕೊಡುವ ಚೀಲದಲ್ಲಿ ಮೈತುಂಬ ಕಸೂತಿಯಿಲ್ಲ. ಮೂಲೆಗೆ ಒಂದೇ ಗೋಪುರ, ಮೂರೂವರೆ ಗಂಟೆಯ ಕೆಲಸ, ಬೆಲೆ ಏಳುನೂರ ಎಂಬತ್ತು. ತುಂಬು ಕಸೂತಿಯದು ಹೇಳಿ ಮಾಡಿಸುವವರಿಗೆ ಮಾತ್ರ, ಸಾವಿರದ ಮುನ್ನೂರು. ಚಿಕ್ಕ ಹಣದ ಚೀಲ, ಆಕೆ ಮಕ್ಕಳಾಟವೆಂದು ಕಡೆಗಣಿಸಿದ್ದು, ಮೇಳದಲ್ಲಿ ಇನ್ನೂರ ಇಪ್ಪತ್ತಕ್ಕೆ ಹೋಗುತ್ತಿತ್ತು; ಎಪ್ಪತ್ತು ರೂಪಾಯಿಯ ಸಾಮಾನು, ಒಂದು ಗಂಟೆಯ ಕೂಲಿ ಕಳೆದು ತೊಂಬತ್ತು ಉಳಿಯುತ್ತಿತ್ತು. ಮನೆ ನಡೆಸಿದ್ದು ಅದು.

ಕೆಳಗಿನ ಮನೆಯ ಲೆಕ್ಕಪರಿಶೋಧಕರೊಬ್ಬರು ಈ ಪುಸ್ತಕಗಳನ್ನು ಕಂಡು, ಇಷ್ಟೆಲ್ಲ ಏಕೆ ಎಂದರು. ಆದಾಯ ತೆರಿಗೆಯ ಕಾನೂನಿನಲ್ಲಿ ಸಣ್ಣ ವ್ಯಾಪಾರಿಗಳು ವಹಿವಾಟಿನಲ್ಲಿ ನೂರಕ್ಕೆ ಎಂಟು ಪಾಲನ್ನು, ಬ್ಯಾಂಕಿನ ಮೂಲಕ ಬಂದದ್ದಾದರೆ ಆರು ಪಾಲನ್ನು, ಲಾಭವೆಂದು ಘೋಷಿಸಿ ಮುಗಿಸಬಹುದು. ವಿಸ್ತಾರವಾದ ಪುಸ್ತಕಗಳು ಬೇಕಿಲ್ಲ. ಅವರ ಮಾತು ನಿಜ. ಹೊರರಾಜ್ಯಕ್ಕೆ ಮಾಲು ಕಳಿಸುವ ಬಗೆಗಿನ ನಿಯಮವನ್ನೂ, ಕರಕುಶಲ ವಸ್ತುಗಳಿಗೆ ಅಲ್ಲಿರುವ ರಿಯಾಯಿತಿಯನ್ನೂ ಅವರೇ ಆಕೆಗೆ ತಿಳಿಸಿಕೊಟ್ಟರು. ಪುಣೆಗೆ ಪಾರ್ಸೆಲು ಹೋಗುತ್ತಿದ್ದರಿಂದ ಅದು ಬೇಕಾಗಿತ್ತು. ಆದರೆ ಸರ್ಕಾರಕ್ಕೆ ಬೇಡವಾದ ಪುಸ್ತಕ ಆಕೆಗೂ ಬೇಡವೆಂಬುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಹದಿನಾಲ್ಕು ರೂಪಾಯಿಯ ಗಂಟೆ ಯಾವ ತೆರಿಗೆಯ ನಮೂನೆಯಲ್ಲೂ ಕಾಣಿಸುವುದಿಲ್ಲ.

ಒಂದು ವಿಷಯದಲ್ಲಿ ನಾನು ಸೋತೆ. ವರ್ಷಕ್ಕೊಂದು ಚಂದ್ರಕಾಳಿ ಸೀರೆ ಆಕೆ ತಪ್ಪದೆ ಮಾಡುತ್ತಾಳೆ. ಧಾರವಾಡದ ಕಡೆ ಮದುಮಗಳಿಗೆ ಕೊಡುವ ಕಪ್ಪು ರೇಷ್ಮೆ ಸೀರೆ. ಸೆರಗಿನ ತುಂಬ ತೇರು, ಆನೆ, ಪಲ್ಲಕ್ಕಿ. ಸೀರೆ ದಾರಕ್ಕೆ ನಾಲ್ಕು ಸಾವಿರ, ಇನ್ನೂರು ಗಂಟೆಗೆ ಹನ್ನೆರಡು ಸಾವಿರ. ಮಾರಿದ್ದು ಹನ್ನೊಂದು ಸಾವಿರಕ್ಕೆ. ಐದು ಸಾವಿರ ನಷ್ಟ ಎಂದು ಕೆಂಪು ಶಾಯಿಯಲ್ಲಿ ಗುರುತಿಸಿ, ಇದನ್ನು ಬಿಡು ಎಂದೆ. ಬಿಡುವುದಿಲ್ಲ ಎಂದಳು. ಹಾಗಾದರೆ ಜಾಹೀರಾತಿನ ಖರ್ಚಿಗೆ ಹಾಕೋಣ, ನೋಡಿದವರು ಚೀಲ ಕೊಳ್ಳುತ್ತಾರೆ ಎಂದೆ. “ಜಾಹೀರಾತಲ್ಲ ಮಾಮಾ. ಅದು ನಮ್ಮವ್ವನ ಕೈ. ತಪ್ಪಿಹೋಗಬಾರದಂತ ಮಾಡ್ತೀನಿ.” ಯಾವ ಶೀರ್ಷಿಕೆಯ ಕೆಳಗೂ ಅದು ಕೂರಲಿಲ್ಲ. ಕೊನೆಗೆ ‘ಚಂದ್ರಕಾಳಿ’ ಎಂದೇ ಒಂದು ಖಾತೆ ತೆರೆದೆವು. ವರ್ಷಕ್ಕೆ ಐದು ಸಾವಿರ, ಅದಕ್ಕಿಂತ ಹೆಚ್ಚಾಗಕೂಡದು ಎಂದು ಆಕೆಯೇ ಮಿತಿ ಹಾಕಿಕೊಂಡಿದ್ದಾಳೆ.

ಜೆ.ಪಿ. ನಗರದಲ್ಲಿ ಆಕೆಗೆ ಬಿಡಿ ಕೆಲಸ ಮಾಡಿಕೊಡುವ ಒಬ್ಬ ಹೆಂಗಸಿದ್ದಾಳೆ. ಒಂದು ಗೋಪುರಕ್ಕೆ ನೂರಿಪ್ಪತ್ತು ರೂಪಾಯಿ. ಖಾತೆ ಪುಸ್ತಕದಲ್ಲಿ ಅವಳಿಗೊಂದು ಪುಟ ಹಾಕುವಾಗ, ಪುಸ್ತಕಕ್ಕೆ ಹಿಂದಿನ ಮೂರು ತಿಂಗಳಲ್ಲಿ ಎಷ್ಟು ಮಾಡಿದ್ದಳೆಂದು ನೆನಪಿನಿಂದ ಬರೆದದ್ದು ಇಪ್ಪತ್ತೇಳು; ಅಷ್ಟಕ್ಕೆ ಹಣವೂ ಸಂದಿತ್ತು. ಆ ಹೆಂಗಸು ಏನೂ ಅನ್ನಲಿಲ್ಲ. ಮುಂದಿನ ಸಲ ಬಂದಾಗ ಮಡಚಿದ ಮೂರು ಕ್ಯಾಲೆಂಡರು ಹಾಳೆಗಳನ್ನು ಮೇಜಿನ ಮೇಲೆ ಇಟ್ಟಳು. ತಾರೀಖುಗಳ ಪಕ್ಕದಲ್ಲಿ ಸೀಸದಕಡ್ಡಿಯಿಂದ ಎಳೆದ ಚಿಕ್ಕ ಚಿಕ್ಕ ಗೀಟುಗಳು. ನನ್ನ ಸೋದರಸೊಸೆ ಎರಡು ಸಲ ಎಣಿಸಿದಳು. ಮೂವತ್ತೊಂದು. ತನ್ನ ಪುಟದ ಇಪ್ಪತ್ತೇಳನ್ನು ಹೊಡೆದು ಹಾಕಿ, ಹಿಂದಿನ ಬಾಕಿ ನಾನೂರ ಎಂಬತ್ತು ಎಂದು ಬರೆದು, ಪೆಟ್ಟಿಗೆಯಿಂದ ಎಣಿಸಿಕೊಟ್ಟು, ಆ ಹಾಳೆಗಳನ್ನು ಪುಸ್ತಕದ ಒಳಗೆ ಅಂಟಿಸಿಕೊಳ್ಳಲೇ ಎಂದು ಕೇಳಿದಳು. ಆಕೆ, ಬೇಡಿ ಅಮ್ಮಾ, ನನಗೆ ಬೇಕು ಎಂದು ಮತ್ತೆ ಮಡಚಿಕೊಂಡು ಹೋದಳು.